ಸತ್ತ ತಂತಿಗೂ ಒಬ್ಬ ವಾರಸುದಾರ ಬೇಕು: ಕಂಬ ಹಂಚಿಕೊಂಡವರಿಗೆ ಒಂದು ಬಹಿರಂಗ ಪತ್ರ

ವಿದ್ಯುತ್ ವಿತರಣಾ ಸಂಸ್ಥೆಗಳ ಮುಖ್ಯಸ್ಥರಿಗೆ, ಟೆಲಿಫೋನ್ ಮತ್ತು ಇಂಟರ್‌ನೆಟ್ ಕಂಪನಿಗಳ ಮುಖ್ಯಸ್ಥರಿಗೆ, ಇವರಿಬ್ಬರ ಮೇಲೂ ಕಣ್ಣಿಡಬೇಕಾದ ಸುರಕ್ಷತಾ ಅಧಿಕಾರಿಗಳಿಗೆ,

ಮಾನ್ಯರೇ,

ಒಂದೇ ಕಂಬದಲ್ಲಿ ಮೇಲೆ ಕರೆಂಟಿನ ತಂತಿ, ಕೆಳಗೆ ಟೆಲಿಫೋನ್ ತಂತಿ. ಈಗೀಗ ಅದರ ಜೊತೆಗೆ ಟಿವಿ ಕೇಬಲ್ಲು, ಇಂಟರ್‌ನೆಟ್ ಫೈಬರ್ರು, ಯಾವ ಕಾಲದ್ದೋ ಏನೋ ಒಂದಷ್ಟು ಸುರುಳಿಗಳು. ಮೇಲಿನದು ಕರೆಂಟಿನವರದ್ದು. ಕೆಳಗಿನವು ಟೆಲಿಫೋನಿನವರದ್ದು, ಕೇಬಲ್ಲಿನವರದ್ದು. ನಡುವಿನ ಖಾಲಿ ಜಾಗ ಯಾರದ್ದು? ಈ ಪ್ರಶ್ನೆಗೆ ಇಷ್ಟು ವರ್ಷದಲ್ಲಿ ಯಾರೂ ನನಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅದಕ್ಕೇ ಈ ಪತ್ರ.

ನಾನು ಟೆಲಿಫೋನ್ ಲೈನ್ ಕೆಲಸದಲ್ಲಿದ್ದವನು. ಈಗ ನಿವೃತ್ತ. ಕರೆಂಟಿನವರ ಮೇಲಿನ ಹಳೇ ಸಿಟ್ಟು ತೀರಿಸಿಕೊಳ್ಳಲು ಬರೆಯುತ್ತಿಲ್ಲ. ನಮ್ಮ ಕಡೆಯವರ ತಪ್ಪೂ ಬೇಕಾದಷ್ಟಿದೆ. ಅದನ್ನೂ ಬರೆಯುತ್ತೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ತಾಮ್ರದ ಟೆಲಿಫೋನ್ ಲೈನಿನಲ್ಲಿ ಸುಮ್ಮನಿದ್ದಾಗ ಇರುವುದು 48 ವೋಲ್ಟ್ ಡಿಸಿ. ಗಂಟೆ ಬಾರಿಸುವಾಗ ಸ್ವಲ್ಪ ಹೊತ್ತು 75ರಿಂದ 90 ವೋಲ್ಟ್ ಎಸಿ ಬರುತ್ತದೆ. ಮಾತಾಡುವಾಗ ಹರಿಯುವ ಕರೆಂಟು ಹೆಚ್ಚೆಂದರೆ ಕೆಲವು ಹತ್ತು ಮಿಲಿಆಂಪಿಯರ್. ತಂತಿಯೂ ಅದಕ್ಕೆ ತಕ್ಕಂತೆ ಸಣ್ಣದು. ಕೇಬಲ್ಲಿನೊಳಗಿನ ಒಂದೊಂದು ಎಳೆ 0.4 ಅಥವಾ 0.5 ಮಿಲಿಮೀಟರ್ ದಪ್ಪ. ಅದರ ಮೇಲೆಯೇ ಹಾದುಹೋಗುವ ಲೈನಿನಲ್ಲಿ 230 ವೋಲ್ಟ್ ಇರುತ್ತದೆ. ಎಷ್ಟೋ ಕಡೆ 11,000 ವೋಲ್ಟ್ ಇರುತ್ತದೆ. ಅದರ ಹಿಂದೆ ಒಂದು ಟ್ರಾನ್ಸ್‌ಫಾರ್ಮರ್, ಟ್ರಾನ್ಸ್‌ಫಾರ್ಮರ್ ಹಿಂದೆ ಇಡೀ ಗ್ರಿಡ್. ಈ ಎರಡು ಒಂದಕ್ಕೊಂದು ತಾಗಿದರೆ ಏನಾಗುತ್ತದೆ ಅಂತ ಊಹಿಸಲು ಇಂಜಿನಿಯರ್ ಆಗಬೇಕಿಲ್ಲ.

ಆದರೆ ಹೇಗೆ ತಾಗುತ್ತವೆ ಅನ್ನುವುದನ್ನು ಜನ ತಪ್ಪು ತಿಳಿದಿದ್ದಾರೆ. ಬಿರುಗಾಳಿ ಬಂತು, ಮರ ಬಿತ್ತು, ಲಾರಿ ಕಂಬಕ್ಕೆ ಗುದ್ದಿತು, ತಂತಿ ಕಡಿದು ಬಿತ್ತು. ಇದು ಎಲ್ಲರಿಗೂ ಕಾಣುವ ಅಪಘಾತ. ಯಾರಾದರೂ ಫೋನ್ ಮಾಡುತ್ತಾರೆ, ಯಾರಾದರೂ ಬರುತ್ತಾರೆ. ನನಗೆ ಹೆಚ್ಚು ಹೆದರಿಕೆ ಇರುವುದು ನಿಧಾನವಾಗಿ ಆಗುವುದರ ಬಗ್ಗೆ. ಕಂಬ ವರ್ಷ ವರ್ಷ ಒಂಚೂರು ವಾಲುತ್ತದೆ. ಕಂಬವನ್ನು ನೆಲಕ್ಕೆ ಎಳೆದು ಹಿಡಿದಿರುವ ಸ್ಟೇ ತಂತಿ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಲೋಡ್ ಜಾಸ್ತಿಯಾದಾಗ ಕರೆಂಟಿನ ತಂತಿ ಕಾಯುತ್ತದೆ, ಕಾದದ್ದು ಉದ್ದವಾಗುತ್ತದೆ, ಉದ್ದವಾದದ್ದು ಜೋತುಬೀಳುತ್ತದೆ. ಬೆಳಿಗ್ಗೆ ಕಂಬದ ಕೆಳಗೆ ನಿಂತು ನೋಡಿದಾಗ ಸಾಕಷ್ಟು ಇದ್ದ ಅಂತರ ಮಧ್ಯಾಹ್ನ ಅಷ್ಟೇ ಇರುವುದಿಲ್ಲ. ಎರಡು ಕಂಬಗಳ ನಟ್ಟನಡುವೆ, ಯಾರೂ ತಲೆಯೆತ್ತಿ ನೋಡದ ಕಡೆ, ಗಾಳಿ ಬಂದಾಗ ಒಂದು ಇನ್ನೊಂದನ್ನು ಸವರಿ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಒಂದು ದಿನ ತಾಮ್ರ ಕಾಣುತ್ತದೆ.

ಇನ್ನೊಂದು ಸಂಗತಿ. ಕಂಬದಲ್ಲಿ ಕರೆಂಟು ಮೇಲೆ, ಟೆಲಿಫೋನ್ ಕೆಳಗೆ ಅನ್ನುವ ಕ್ರಮ ಸುಮ್ನೆ ಬಂದಿದ್ದಲ್ಲ. ನಾವು ಟೆಲಿಫೋನಿನವರು ಹೆಚ್ಚು ವೋಲ್ಟೇಜಿನ ತಂತಿ ದಾಟಿ ಮೇಲೆ ಹತ್ತಬಾರದು ಅಂತ ಹಾಗೆ ಮಾಡಿದ್ದು. ಅಮೆರಿಕದ ನಿಯಮದಲ್ಲಿ ಕಂಬದ ಮೇಲೆ ಇವೆರಡರ ನಡುವೆ ಸಾಮಾನ್ಯವಾಗಿ 40 ಇಂಚು, ಅಂದರೆ ಸುಮಾರು ಒಂದು ಮೀಟರ್ ಬಿಡಬೇಕು. ಒಳ್ಳೆಯ ಕ್ರಮವೇ. ಆದರೆ ಇದರಿಂದ ಇನ್ನೊಂದೂ ಆಗುತ್ತದೆ ಅಲ್ವಾ? ಮೇಲಿಂದ ಏನು ಕಡಿದು ಬಿದ್ದರೂ ಮೊದಲು ಬೀಳುವುದು ನಮ್ಮ ತಂತಿಯ ಮೇಲೆ. ಅದಕ್ಕೇ ಎರಡು ಲೈನ್ ಒಂದನ್ನೊಂದು ದಾಟುವಲ್ಲಿ ಹಿಂದಿನವರು ಗಾರ್ಡಿಂಗ್ ಕಟ್ಟುತ್ತಿದ್ದರು. ಕರೆಂಟಿನ ತಂತಿಯ ಕೆಳಗೆ ಕಬ್ಬಿಣದ ತಂತಿಗಳ ಬಲೆ, ಅದಕ್ಕೆ ಗಟ್ಟಿ ಅರ್ಥಿಂಗ್. ಮೇಲಿನ ತಂತಿ ಕಡಿದರೆ ಬಲೆಯ ಮೇಲೆ ಬೀಳುತ್ತದೆ, ಅಲ್ಲೇ ಶಾರ್ಟ್ ಆಗುತ್ತದೆ, ಆ ಕಡೆ ಬ್ರೇಕರ್ ಟ್ರಿಪ್ ಆಗುತ್ತದೆ. ದಾಟುವುದಾದರೆ ಆದಷ್ಟೂ ನೇರ ಅಡ್ಡಕ್ಕೆ ದಾಟಬೇಕು, ಓರೆಯಾಗಿ ದಾಟಬಾರದು ಅನ್ನುವುದೂ ಹಳೆಯ ಪಾಠ. ಓರೆಯಾಗಿ ದಾಟಿದಷ್ಟೂ ಒಂದರ ಮೇಲೊಂದು ಬೀಳುವ ಉದ್ದ ಜಾಸ್ತಿ. ಇವತ್ತು ಗಾರ್ಡಿಂಗ್ ಹುಡುಕಿಕೊಂಡು ಹೋದರೆ ಕಾಣುವುದು ತುಕ್ಕು ಹಿಡಿದ ನಾಲ್ಕು ತುಂಡು. ಅರ್ಥ್ ತಂತಿಯನ್ನು ಯಾರೋ ಕಡಿದುಕೊಂಡು ಹೋಗಿರುತ್ತಾರೆ. ಅರ್ಥ್ ಇಲ್ಲದ ಗಾರ್ಡಿಂಗ್ ಇಲ್ಲದಿದ್ದರೇ ವಾಸಿ. ಅದರ ಮೇಲೆ ತಂತಿ ಬಿದ್ದರೆ ಬಲೆಯೇ ಲೈವ್ ಆಗಿ ಕೂರುತ್ತದೆ, ಬ್ರೇಕರಿಗೆ ಗೊತ್ತೂ ಆಗುವುದಿಲ್ಲ.

ತಾಗಿದ ಜಾಗ ಒಂದು ಕಡೆ, ಸಾಯುವವನು ಇನ್ನೊಂದು ಕಡೆ ಇರಬಹುದು. ಇದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. 1889ರ ಅಕ್ಟೋಬರ್ 11ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಜಾನ್ ಫೀಕ್ಸ್ ಎಂಬ ವೆಸ್ಟರ್ನ್ ಯೂನಿಯನ್ ಕಂಪನಿಯ ಲೈನ್‌ಮನ್ ಕಂಬ ಹತ್ತಿದ್ದ. ಅವನು ಕೈಹಾಕಿದ್ದು ಕಡಿಮೆ ವೋಲ್ಟೇಜಿನ ಟೆಲಿಗ್ರಾಫ್ ತಂತಿಗೆ. ಅವನ ಲೆಕ್ಕದಲ್ಲಿ ಅಪಾಯ ಇಲ್ಲದ ತಂತಿ. ಹಲವು ಬೀದಿಗಳಾಚೆ ಆ ತಂತಿ ಹೆಚ್ಚು ವೋಲ್ಟೇಜಿನ ಎಸಿ ಲೈನಿಗೆ ತಾಗಿಕೊಂಡಿತ್ತು. ಮಧ್ಯಾಹ್ನದ ಊಟದ ಹೊತ್ತು, ಕೆಳಗೆ ಬೀದಿ ತುಂಬ ಜನ. ಎಲ್ಲರ ಕಣ್ಣೆದುರೇ ಅವನು ತಂತಿಗಳ ಬಲೆಯಲ್ಲಿ ಸಿಕ್ಕಿಕೊಂಡು ಸತ್ತ. ಹೆಣ ಮುಕ್ಕಾಲು ಗಂಟೆಯ ಹತ್ತಿರ ಅಲ್ಲೇ ನೇತಾಡುತ್ತಿತ್ತು. ಅದರ ಹಿಂದಿನ ವರ್ಷ, 1888ರ ಮಾರ್ಚಿನ ಹಿಮಬಿರುಗಾಳಿಯಲ್ಲಿ ಅದೇ ಊರಿನ ಎಷ್ಟೋ ಕಂಬ ತಂತಿಗಳು ನೆಲಕಚ್ಚಿದ್ದವು. ಆಗಲೂ ತಂತಿಗಳನ್ನು ನೆಲದಡಿ ಹಾಕಬೇಕು ಅಂತ ಮಾತಾಗಿತ್ತು. ಫೀಕ್ಸ್ ಸತ್ತ ಮೇಲೆ ಆ ಮಾತಿಗೆ ಬಿಸಿ ಬಂತು. ಜನ ಸಾಯುವ ತನಕ ಕಡತ ಕದಲುವುದಿಲ್ಲ ಅನ್ನುವುದು ಆಗಿನಿಂದಲೂ ನಡೆದುಬಂದದ್ದೇ.

ಈಗ ಮನೆ ಕಡೆ ಬರೋಣ. ಟೆಲಿಫೋನ್ ತಂತಿ ಮನೆಯೊಳಗೆ ಹೋಗುವ ಕಡೆ ಒಂದು ಸಣ್ಣ ಡಬ್ಬಿ ಇರುತ್ತದೆ. ನಾವು ಪ್ರೊಟೆಕ್ಟರ್ ಅನ್ನುತ್ತೇವೆ. ಮುಚ್ಚಳ ತೆಗೆದರೆ ಎರಡು ಸ್ಕ್ರೂ ಲೈನಿಗೆ, ನಡುವಿನದು ಅರ್ಥಿಗೆ. ಹಳೆಯದರಲ್ಲಿ ಇಂಗಾಲದ ಎರಡು ಸಣ್ಣ ತುಂಡುಗಳು ಕೂದಲೆಳೆಯಷ್ಟು ಅಂತರ ಬಿಟ್ಟು ಎದುರುಬದುರು ಕೂತಿರುತ್ತವೆ. ಹೊಸದರಲ್ಲಿ 8 ಮಿಲಿಮೀಟರ್ ದಪ್ಪದ ಸಿರಾಮಿಕ್ ಕೊಳವೆ. ಅದರೊಳಗೆ ಗ್ಯಾಸ್. ಸಾಮಾನ್ಯವಾಗಿ 230 ಅಥವಾ 350 ವೋಲ್ಟಿಗೆ ಮಾಡಿದ್ದು. ಅಲ್ಲಿಯ ತನಕ ಅದು ಇಲ್ಲದ ಹಾಗೆ ಇರುತ್ತದೆ. ಅದನ್ನು ದಾಟಿದರೆ ಗ್ಯಾಸ್ ಹೊತ್ತಿಕೊಂಡು ಕರೆಂಟನ್ನು ಅರ್ಥಿಗೆ ಇಳಿಸುತ್ತದೆ. ಮೂರು ಕಾಲಿನ ಕೊಳವೆಯಾದರೆ ಇನ್ನೂ ಒಳ್ಳೆಯದು. ಎರಡೂ ತಂತಿ ಒಟ್ಟಿಗೇ ಅರ್ಥಿಗೆ ಇಳಿಯುತ್ತವೆ, ಒಂದಕ್ಕೊಂದು ವೋಲ್ಟೇಜ್ ವ್ಯತ್ಯಾಸ ಉಳಿಯುವುದಿಲ್ಲ.

ಈ ಡಬ್ಬಿ ನೋಡಿ ಎಲ್ಲರಿಗೂ ಧೈರ್ಯ. ನಮ್ಮ ಇಲಾಖೆಯಲ್ಲೂ ಹಾಗೇ ಇತ್ತು. ಪ್ರೊಟೆಕ್ಟರ್ ಇದೆಯಲ್ಲ, ಇನ್ನೇನು? ಈ ಧೈರ್ಯವೇ ಮೋಸ. ಸಿಡಿಲು ಬರುವುದು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ. ಬಂತು, ಹೋಯಿತು. ಕೊಳವೆ ಹೊತ್ತಿ ಆರುತ್ತದೆ. ಕರೆಂಟಿನ ತಂತಿ ತಾಗಿದರೆ ಅದು ಹೋಗುವುದಿಲ್ಲ. ಯಾರಾದರೂ ಬಂದು ಆಫ್ ಮಾಡುವ ತನಕ, ಇಲ್ಲವೇ ಏನಾದರೂ ಸುಟ್ಟುಹೋಗುವ ತನಕ ಅಲ್ಲೇ ಇರುತ್ತದೆ. ಕೊಳವೆ ಹೊತ್ತಿಕೊಂಡೇ ಇರುತ್ತದೆ. ಕೆಂಪಗೆ ಕಾಯುತ್ತದೆ. ಒಳ್ಳೆಯ ಕೊಳವೆಗೆ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಶಾಖ ಮಿತಿ ದಾಟಿದರೆ ಒಳಗಿನ ಬೆಸುಗೆ ಕರಗಿ ಕ್ಲಿಪ್ ಬಿಡುತ್ತದೆ, ತಂತಿಯನ್ನು ನೇರ ಅರ್ಥಿಗೆ ಒತ್ತಿ ಹಿಡಿಯುತ್ತದೆ. ಫೋನ್ ಸಾಯುತ್ತದೆ, ಮನೆ ಉಳಿಯುತ್ತದೆ. ಅಗ್ಗದ ಕೊಳವೆಗೆ ಆ ಕ್ಲಿಪ್ ಇರುವುದಿಲ್ಲ. ಹೊರಗಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದೂ ಕಷ್ಟ. ಖರೀದಿ ವಿಭಾಗದವರು ದಯವಿಟ್ಟು ಈ ಒಂದು ಸಾಲನ್ನು ಎರಡು ಸಲ ಓದಿ.

ಅಲ್ಲಿಗೂ ಮುಗಿಯಲಿಲ್ಲ. ಲೈನಿಗೂ ಪ್ರೊಟೆಕ್ಟರಿಗೂ ನಡುವೆ ಒಂದು ತುಂಡು ತಂತಿ ಬೇಕೆಂದೇ ಸಣ್ಣದಾಗಿ ಇಡುತ್ತಾರೆ. ಏನಾದರೂ ಸುಡಬೇಕಾದರೆ ಮೊದಲು ಅದು ಹೊರಗಡೆಯೇ ಸುಟ್ಟುಹೋಗಲಿ ಅಂತ. ಫ್ಯೂಸ್ ಇದ್ದ ಹಾಗೆ. ಕೆಲವು ಮೋಡೆಮ್‌ಗಳ ಕೈಪಿಡಿಯಲ್ಲಿ ಬೆಂಕಿಯ ಅಪಾಯ ತಪ್ಪಿಸಲು ನಂ. 26 ಎಡಬ್ಲ್ಯುಜಿ (ಅಮೆರಿಕದವರು ತಂತಿಯ ದಪ್ಪಕ್ಕೆ ಕೊಡುವ ನಂಬರ್) ಅಥವಾ ಅದಕ್ಕಿಂತ ದಪ್ಪದ ವೈರನ್ನೇ ಬಳಸಿ ಅಂತ ಒಂದು ಎಚ್ಚರಿಕೆ ಇರುತ್ತದೆ. ಯಾರೂ ಓದುವುದಿಲ್ಲ. ಅದು ಇದರ ಕಥೆಯೇ. 26 ನಂಬರ್ ಅಂದರೆ ಸುಮಾರು 0.4 ಮಿಲಿಮೀಟರ್. ಹೊರಗಿನ ಫ್ಯೂಸ್ ತುಂಡು ಕರಗುವ ಮೊದಲು ಸೋಫಾದ ಹಿಂದೆ ಓಡುವ ವೈರು ಕರಗಬಾರದು.

ಇಲ್ಲಿ ಇನ್ನೂ ಸೂಕ್ಷ್ಮ ಇದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ: ಮನೆಗೆ ಬೆಂಕಿ ಬೀಳುವ ಮಟ್ಟಿಗೆ ಜಾಸ್ತಿ ಕರೆಂಟು ಅಷ್ಟು ಅಪಾಯವಲ್ಲ, ಮಧ್ಯಮ ಕರೆಂಟೇ ಹೆಚ್ಚು ಅಪಾಯ. 0.4 ಮಿಲಿಮೀಟರ್ ತಾಮ್ರದ ತಂತಿ ಗಾಳಿಯಲ್ಲಿ ಕರಗಿ ಕಡಿಯಬೇಕಾದರೆ ಅಂದಾಜು 20 ಆಂಪಿಯರ್ ಬೇಕು. ಅದೇ ತಂತಿಗೆ ಒಂದು ಕಿಲೋಮೀಟರಿಗೆ 140 ಓಮ್‌ನ ಆಸುಪಾಸು ರೆಸಿಸ್ಟೆನ್ಸ್ ಇದೆ. ಮನೆಯಿಂದ ಅರ್ಧ ಕಿಲೋಮೀಟರ್ ಆಚೆ 230 ವೋಲ್ಟಿನ ತಂತಿ ತಾಗಿದೆ ಅಂದುಕೊಳ್ಳಿ. ತಂತಿಯದ್ದೇ 70 ಓಮ್. ಹರಿಯುವುದು 3 ಆಂಪಿಯರ್ ಚಿಲ್ಲರೆ. ಫ್ಯೂಸ್ ತುಂಡು ಕರಗಲು ಅದು ಸಾಲದು. ಟ್ರಾನ್ಸ್‌ಫಾರ್ಮರ್ ಹತ್ತಿರದ ಫ್ಯೂಸಿಗೆ ಅದು ಇನ್ನೊಂದಷ್ಟು ಬಲ್ಬು ಹಾಕಿದ ಲೆಕ್ಕ. ಮನೆಯೊಳಗಿನ ಯಂತ್ರಕ್ಕೆ ಮಾತ್ರ ಅದು ಬೆಂಕಿ. ಮಾಮೂಲಿ ಹರಿಯುವುದಕ್ಕಿಂತ ನೂರು ಪಟ್ಟಿನಷ್ಟು ಜಾಸ್ತಿ, ಗಂಟೆಗಟ್ಟಲೆ.

ಪರೀಕ್ಷೆ ಮಾಡುವವರಿಗೆ ಇದು ಗೊತ್ತು. ಐಟಿಯು, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಕೆ ಸರಣಿಯ ಶಿಫಾರಸುಗಳನ್ನು ಬರೆದಿದೆ. ಕೆ.20 ಎಕ್ಸ್‌ಚೇಂಜಿನ ಉಪಕರಣಕ್ಕೆ, ಕೆ.21 ಮನೆಯ ಉಪಕರಣಕ್ಕೆ. ಅದರಲ್ಲಿ ಕರೆಂಟು ತಾಗಿದಾಗಿನ ಪರೀಕ್ಷೆಯೂ ಇದೆ. 230 ವೋಲ್ಟನ್ನು 15 ನಿಮಿಷ ಕೊಡುತ್ತಾರೆ. ಒಂದೇ ಸಲ ಅಲ್ಲ, ನಡುವೆ 10 ಓಮ್‌ನಿಂದ 1000 ಓಮ್ ತನಕ ಬೇರೆ ಬೇರೆ ರೆಸಿಸ್ಟೆನ್ಸ್ ಇಟ್ಟು. ಹತ್ತಿರ ತಾಗಿದರೆ ಹೇಗೆ, ದೂರ ತಾಗಿದರೆ ಹೇಗೆ ಅಂತ ನೋಡಲಿಕ್ಕೆ. ಅಮೆರಿಕದ ಯುಎಲ್ ಎಂಬ ಸುರಕ್ಷತಾ ಸಂಸ್ಥೆಯ ಪರೀಕ್ಷೆಯಲ್ಲಿ 600 ವೋಲ್ಟ್, 40 ಆಂಪಿಯರ್‌ನ ಏಟನ್ನು ಒಂದೂವರೆ ಸೆಕೆಂಡು ಕೊಡುತ್ತಾರೆ. ಕಡಿಮೆ ಕರೆಂಟನ್ನು ಹೆಚ್ಚು ಹೊತ್ತು ಕೊಡುವ ಸುತ್ತುಗಳೂ ಇವೆ. ಉಪಕರಣಕ್ಕೆ ತೆಳುವಾದ ಹತ್ತಿ ಬಟ್ಟೆ ಸುತ್ತಿರುತ್ತಾರೆ. ಒಳಗೆ ಏನು ಬೇಕಾದರೂ ಸುಟ್ಟುಹೋಗಲಿ, ಬಟ್ಟೆಗೆ ಬೆಂಕಿ ಹತ್ತಬಾರದು, ಕರಕಲಾಗಬಾರದು. ನನಗೆ ಈ ಪರೀಕ್ಷೆ ತುಂಬ ಇಷ್ಟ. ಯಂತ್ರ ಉಳಿಯಿತಾ ಅಂತ ಕೇಳುವುದೇ ಇಲ್ಲ. ಪಕ್ಕದ ಪರದೆ ಉಳಿಯಿತಾ ಅಂತ ಕೇಳುತ್ತದೆ.

ಅರ್ಥಿಂಗ್ ಬಗ್ಗೆ ಕರೆಂಟಿನವರಿಗೂ ನಮ್ಮವರಿಗೂ ಒಂದು ಸಮಾನ ಭ್ರಮೆ ಇದೆ. ಒಂದು ರಾಡ್ ನೆಲಕ್ಕೆ ಹೊಡೆದರೆ ಆಯಿತು ಅನ್ನುವುದು. ಸಾಧಾರಣ ರಾಡಿಗೆ 25 ಓಮ್ ಬಂದರೆ ಒಳ್ಳೆಯದೇ ಅನ್ನುತ್ತೇವೆ. ಲೆಕ್ಕ ಹಾಕಿ ನೋಡಿ. ಟೆಲಿಫೋನ್ ಕೇಬಲ್ ಹೊತ್ತ ಉಕ್ಕಿನ ಹಗ್ಗಕ್ಕೆ 230 ವೋಲ್ಟಿನ ತಂತಿ ತಾಗಿದೆ, ಆ ಹಗ್ಗಕ್ಕೆ ಇರುವುದು ಈ ರಾಡ್ ಒಂದೇ. ಹರಿಯುವುದು 9 ಆಂಪಿಯರ್. ಯಾವ ಫ್ಯೂಸ್ ಹೋಗುತ್ತದೆ? ಯಾವುದೂ ಇಲ್ಲ. ರಾಡಿನ ಸುತ್ತ 2 ಕಿಲೋವ್ಯಾಟ್ ಮಣ್ಣನ್ನು ಕಾಯಿಸುತ್ತಾ ಕೂರುತ್ತದೆ. ಹಗ್ಗ ಪೂರ್ತಿ 230 ವೋಲ್ಟಿನಲ್ಲಿ ಬೀದಿಯುದ್ದಕ್ಕೂ ಹಾಗೇ ಇರುತ್ತದೆ. ಅರ್ಥಿಂಗ್ ಮಾಡಿದ್ದೇವೆ ಅಂತ ರಿಜಿಸ್ಟರಿನಲ್ಲಿ ಬರೆದೂ ಇರುತ್ತದೆ. ಕಂಬಕಂಬಕ್ಕೂ ನ್ಯೂಟ್ರಲನ್ನು ಅರ್ಥ್ ಮಾಡುವ ವ್ಯವಸ್ಥೆ ಇರುವ ಕಡೆ ಈ ಉಕ್ಕಿನ ಹಗ್ಗವನ್ನು ನ್ಯೂಟ್ರಲ್ಲಿಗೇ ಸೇರಿಸಿ ಬಿಗಿಯುತ್ತಾರೆ. ಆಗ ತಾಗಿದ ತಕ್ಷಣ ಲೋಹದ ದಾರಿಯಲ್ಲೇ ದೊಡ್ಡ ಕರೆಂಟು ವಾಪಸ್ ಹೋಗಿ ಫ್ಯೂಸ್ ಹಾರುತ್ತದೆ. ಅಂಥ ವ್ಯವಸ್ಥೆ ಇಲ್ಲದ ಕಡೆ ರಾಡನ್ನು ನಂಬಿ ಕೂರದೆ, ಕರೆಂಟಿನ ತಂತಿಯನ್ನೇ ಹೊದಿಕೆ ಇರುವ ಕೇಬಲ್ ಮಾಡಬೇಕು, ಸೋರಿಕೆ ಗುರುತಿಸುವ ರಿಲೇ ಹಾಕಬೇಕು. ಎರಡರಲ್ಲಿ ಯಾವುದೇ ಆಗಲಿ, ಎರಡೂ ಸಂಸ್ಥೆಯವರು ಒಂದು ಮೇಜಿನ ಸುತ್ತ ಕೂರದೆ ಆಗುವ ಕೆಲಸವಲ್ಲ.

ಮನೆಯ ಅರ್ಥಿನದ್ದೂ ಇದೇ ಗೋಳು. ಕರೆಂಟಿನ ಅರ್ಥ್ ಮನೆಯ ಒಂದು ಮೂಲೆಯಲ್ಲಿ, ಟೆಲಿಫೋನ್ ಅರ್ಥ್ ಇನ್ನೊಂದು ಮೂಲೆಯಲ್ಲಿ. ಎರಡಕ್ಕೂ ಸಂಬಂಧ ಇಲ್ಲ. ಹೊರಗೆ 11,000 ವೋಲ್ಟಿನ ಲೈನ್ ತಾಗಿ ಟೆಲಿಫೋನ್ ಅರ್ಥಿನಲ್ಲಿ 40 ಆಂಪಿಯರ್ ಇಳಿಯಿತು ಅನ್ನಿ. ರಾಡ್ 25 ಓಮ್ ಇದ್ದರೆ ಆ ರಾಡ್ ಒಂದು ಸಾವಿರ ವೋಲ್ಟಿಗೆ ಏರಿತು. ಮೋಡೆಮ್ ಒಂದು ಕೈ ಟೆಲಿಫೋನ್ ಲೈನಿಗೆ, ಇನ್ನೊಂದು ಕೈ ಪ್ಲಗ್ಗಿಗೆ ಕೊಟ್ಟು ಕೂತಿದೆ. ಆ ಸಾವಿರ ವೋಲ್ಟು ಬೀಳುವುದು ಅದರ ಮೇಲೆ. ಎರಡು ಅರ್ಥನ್ನೂ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿದ್ದರೆ ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಅಮೆರಿಕದ ವೈರಿಂಗ್ ನಿಯಮ ಇದನ್ನು ಕಡ್ಡಾಯ ಮಾಡಿದೆ. ಖರ್ಚು ನೋಡಿದರೆ ಒಂದು ತುಂಡು ತಂತಿ, ಎರಡು ಕ್ಲ್ಯಾಂಪು. ಆದರೂ ಆಗುವುದಿಲ್ಲ. ಯಾಕೆಂದರೆ ಟೆಲಿಫೋನಿನವನು ಕರೆಂಟಿನ ಅರ್ಥ್ ಮುಟ್ಟುವ ಹಾಗಿಲ್ಲ, ಕರೆಂಟಿನವನಿಗೆ ಟೆಲಿಫೋನ್ ಡಬ್ಬಿ ತನ್ನ ಕೆಲಸವಲ್ಲ.

ಇಷ್ಟೆಲ್ಲ ಹೇಳಿದ್ದು ತಾಮ್ರದ ಲೈನಿನ ಕಥೆ. ತಾಮ್ರದ ಕಾಲ ಮುಗಿಯುತ್ತಾ ಬಂತಲ್ಲ, ಎಲ್ಲರೂ ಫೈಬರ್ ಹಾಕಿಸಿಕೊಂಡರಲ್ಲ, ಇನ್ನು ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ತಾಮ್ರದ ಕಾಲ ಮುಗಿದಿದೆ, ತಾಮ್ರದ ತಂತಿ ಹೋಗಿಲ್ಲ. ಗಿರಾಕಿ ಕನೆಕ್ಷನ್ ಬಿಟ್ಟ ದಿನ ಕಚೇರಿಯಲ್ಲಿ ಹೆಸರು ಹೊಡೆದುಹಾಕುತ್ತಾರೆ. ಕಂಬದಿಂದ ಮನೆಗೆ ಬಂದ ತಂತಿ ಹಾಗೇ ಇರುತ್ತದೆ. ಎಕ್ಸ್‌ಚೇಂಜಿನಲ್ಲಿ ಆ ಲೈನಿನ ಎರಡು ತಂತಿಯ ಜೋಡಿ ಬಿಚ್ಚಿದಾಗ ಅಲ್ಲಿದ್ದ ರಕ್ಷಣೆಯೂ ಹೋಯಿತು. ಮನೆ ಬಣ್ಣ ಹೊಡೆಸುವಾಗ ಯಾರೋ ಹಳೇ ಪ್ರೊಟೆಕ್ಟರ್ ಡಬ್ಬಿ ಕಿತ್ತು ಬಿಸಾಡುತ್ತಾರೆ. ತಂತಿಯನ್ನು ಕಿಟಕಿ ಸರಳಿಗೆ ಸುತ್ತಿ ಬಿಡುತ್ತಾರೆ. ಮುಂದೆ ಅದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ಫೋನ್ ಕೆಟ್ಟಿದೆ ಅನ್ನಲು ಫೋನೇ ಇಲ್ಲವಲ್ಲ. ಬದುಕಿದ್ದ ಲೈನಿನಲ್ಲಿ ಏನಾದರೂ ತಾಗಿದರೆ ಗರಗರ ಸದ್ದಾದರೂ ಬರುತ್ತಿತ್ತು, ಗಂಟೆ ತಾನಾಗಿ ಟಿಣ್ಣನೆ ಬಡಿಯುತ್ತಿತ್ತು, ಅದನ್ನು ಕೇಳಿ ನಾವು ಹುಡುಕಿಕೊಂಡು ಹೋಗುತ್ತಿದ್ದೆವು. ಸತ್ತ ತಂತಿ ಸದ್ದು ಮಾಡುವುದಿಲ್ಲ. ಕರೆಂಟನ್ನು ಮಾತ್ರ ಮೊದಲಿನಷ್ಟೇ ಚೆನ್ನಾಗಿ ಒಯ್ಯುತ್ತದೆ. ಸುತ್ತಿಟ್ಟ ಕಿಟಕಿ ಸರಳಿನ ತನಕ ತಂದುಕೊಡುತ್ತದೆ.

ಫೈಬರಿನದ್ದು ಇನ್ನೊಂದು ಕಥೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ಅನ್ನುವುದು ನಿಜ. ಆದರೆ ಗಾಜಿನ ಎಳೆಯನ್ನು ಬರಿದೇ ಕಂಬಕ್ಕೆ ಕಟ್ಟಲು ಬರುವುದಿಲ್ಲ. ಮನೆಗೆ ಬರುವ ಚಪ್ಪಟೆ ಕಪ್ಪು ಕೇಬಲ್ ಒಂದು ತುಂಡು ಸಿಕ್ಕರೆ ಬದಿ ಸೀಳಿ ನೋಡಿ. ಎಷ್ಟೋ ಕೇಬಲ್ಲುಗಳಲ್ಲಿ ಒಂದು ಅಂಚಿಗೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಇರುತ್ತದೆ. ಎಳೆತ ತಡೆಯುವುದು ಅದು. ಗಾಜಿನ ಎರಡು ಪಕ್ಕಕ್ಕೂ ಇನ್ನೂ ಎರಡು ಸಣ್ಣ ಉಕ್ಕಿನ ಎಳೆ ಇರುವುದೂ ಉಂಟು. ಲೋಹ ಇಲ್ಲದೆ ಫೈಬರ್‌ಗ್ಲಾಸ್ ಕಡ್ಡಿ ಹಾಕಿದ ಕೇಬಲ್ಲೂ ಸಿಗುತ್ತದೆ. ಯಾವುದನ್ನು ಕೊಳ್ಳುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಉಕ್ಕಿನದ್ದನ್ನು ಕೊಂಡರೆ, ಫೈಬರ್ ಹಾಕುವ ಹುಡುಗ ಅದನ್ನು ಕಂಬದ ಮೇಲೆ ಕರೆಂಟಿನ ತಂತಿಯ ಪಕ್ಕದಲ್ಲೇ ಒಂದು ಕೊಕ್ಕೆಗೆ ಸಿಕ್ಕಿಸುತ್ತಾನೆ, ಇನ್ನೊಂದು ತುದಿಯನ್ನು ಮನೆಯ ಬಾಲ್ಕನಿ ಗ್ರಿಲ್ಲಿಗೆ ಬಿಗಿಯುತ್ತಾನೆ. ಇದಕ್ಕೆ ಪ್ರೊಟೆಕ್ಟರ್ ಇಲ್ಲ, ಫ್ಯೂಸ್ ಇಲ್ಲ, ಅರ್ಥ್ ಇಲ್ಲ. ಹಳೆಯ ಟೆಲಿಫೋನ್ ಲೈನಿಗೆ ಇದ್ದ ಒಂದು ರಕ್ಷಣೆಯೂ ಇಲ್ಲ. ಫೈಬರ್ರಲ್ವಾ, ಏನಾಗುತ್ತೆ ಅನ್ನುತ್ತಾನೆ. ಅವನ ಮೇಲೆ ಸಿಟ್ಟಿಲ್ಲ. ಅವನಿಗೆ ದಿನಕ್ಕೆ ಇಷ್ಟು ಕನೆಕ್ಷನ್ ಅಂತ ಲೆಕ್ಕ ಕೊಟ್ಟು, ತರಬೇತಿ ಕೊಡದೆ ಕಳಿಸಿದವರ ಮೇಲೆ ಸಿಟ್ಟಿದೆ. ಒಂದು ವೋಲ್ಟೇಜ್ ಡಿಟೆಕ್ಟರ್ ಅವನ ಜೇಬಿನಲ್ಲಿಲ್ಲ. ನಮಗೆ ಕಲಿಸಿದ ಮೊದಲ ಪಾಠವೇ ಅದಾಗಿತ್ತು. ಕಂಬ ಮುಟ್ಟುವ ಮೊದಲು ಡಿಟೆಕ್ಟರ್ ಹಿಡಿ, ಹಗ್ಗ ಮುಟ್ಟುವ ಮೊದಲು ಇನ್ನೊಮ್ಮೆ ಹಿಡಿ.

ನಿಯಮ ಇಲ್ಲವಾ? ಇದೆ. ಭಾರತದ 2003ರ ವಿದ್ಯುತ್ ಕಾಯ್ದೆಯ 160ನೇ ಸೆಕ್ಷನ್ ಇರುವುದೇ ಟೆಲಿಗ್ರಾಫ್, ಟೆಲಿಫೋನ್ ಲೈನುಗಳ ರಕ್ಷಣೆಗೆ. ವಿದ್ಯುತ್ ಲೈನಿನಿಂದ ಅವುಗಳಿಗೆ ತೊಂದರೆ ಆಗದಂತೆ ಎಚ್ಚರಿಕೆ ವಹಿಸಬೇಕು ಅನ್ನುತ್ತದೆ. ಅಮೆರಿಕದ ವೈರಿಂಗ್ ನಿಯಮ 300 ವೋಲ್ಟ್ ದಾಟಿದ ಲೈನಿಗೆ ಆಕಸ್ಮಿಕವಾಗಿ ತಾಗುವ ಸಾಧ್ಯತೆ ಇರುವ ಕಡೆ ಪ್ರೊಟೆಕ್ಟರ್ ಬೇಕೇ ಬೇಕು ಅನ್ನುತ್ತದೆ. ಇವೆಲ್ಲ ಬರೆದದ್ದು ಎರಡೂ ಲೈನ್ ಜೀವಂತ ಇವೆ ಅಂದುಕೊಂಡು, ಎರಡಕ್ಕೂ ಯಜಮಾನ ಇದ್ದಾನೆ ಅಂದುಕೊಂಡು. ಯಜಮಾನ ಕೈಬಿಟ್ಟ ತಂತಿಗೆ ಏನು ಮಾಡಬೇಕು ಅನ್ನುವಲ್ಲಿ ಎಲ್ಲರ ಧ್ವನಿಯೂ ಸಣ್ಣದಾಗುತ್ತದೆ.

ಒಮ್ಮೆ ಒಂದು ಹಳೇ ಡ್ರಾಪ್ ತಂತಿ, ಅಂದರೆ ಕಂಬದಿಂದ ಮನೆಗೆ ಬರುವ ಟೆಲಿಫೋನ್ ತಂತಿ, ಕರೆಂಟಿನ ಲೈನಿಗೆ ಸುತ್ತಿಕೊಂಡು ನೇತಾಡುತ್ತಿತ್ತು. ಕರೆಂಟಿನವರ ಕಚೇರಿಗೆ ಫೋನ್ ಮಾಡಿದೆ. ಅದು ಟೆಲಿಫೋನಿನವರದ್ದು, ನಾವು ಕಡಿಯುವ ಹಾಗಿಲ್ಲ ಅಂದರು. ಟೆಲಿಫೋನಿನವರಿಗೆ ಮಾಡಿದೆ. ಆ ನಂಬರಿನಲ್ಲಿ ಕನೆಕ್ಷನ್ನೇ ಇಲ್ಲ, ದೂರು ದಾಖಲಿಸಲು ಆಗುವುದಿಲ್ಲ ಅಂದರು. ಮೇಲಾಗಿ ಅದು ಕರೆಂಟಿನ ಲೈನಿಗೆ ತಾಗಿದೆ, ನಮ್ಮ ಹುಡುಗರು ಹತ್ತುವುದಿಲ್ಲ ಅಂದರು. ಇಬ್ಬರು ಹೇಳಿದ್ದೂ ನಿಯಮದ ಪ್ರಕಾರ ಸರಿಯೇ. ತಂತಿ ಮಾತ್ರ ಅಲ್ಲೇ ಇತ್ತು.

ಆದ್ದರಿಂದ ನನ್ನ ಬೇಡಿಕೆಗಳು ಇವು. ದೊಡ್ಡ ಯೋಜನೆ ಏನೂ ಕೇಳುತ್ತಿಲ್ಲ. ಎಲ್ಲವನ್ನೂ ನೆಲದಡಿ ಹಾಕಿ ಅಂತಲೂ ಕೇಳುತ್ತಿಲ್ಲ, ಅದು ಆದಾಗ ಆಗಲಿ.

ಕನೆಕ್ಷನ್ ರದ್ದು ಮಾಡುವ ಕಾಗದದಲ್ಲಿ ಒಂದು ಕಾಲಂ ಸೇರಿಸಿ: ಕಂಬದಿಂದ ಮನೆಯ ತನಕದ ತಂತಿ ಇಳಿಸಲಾಗಿದೆಯೇ? ಇಳಿಸಿದ ಮೇಲಷ್ಟೇ ಆ ಕಡತ ಮುಗಿಯಲಿ. ಇಳಿಸುವ ತನಕ ಅದು ಟೆಲಿಫೋನ್ ಕಂಪನಿಯದ್ದೇ ತಂತಿ, ಗಿರಾಕಿ ಇರಲಿ ಬಿಡಲಿ. ಕಂಪನಿಯೇ ಮುಚ್ಚಿಹೋಗಿದ್ದರೆ ಕಂಬದ ಯಜಮಾನರು, ಅಂದರೆ ಕರೆಂಟಿನವರು, ಅದನ್ನು ತೆಗೆಯಲಿ. ತೆಗೆದದ್ದಕ್ಕೆ ಯಾರೂ ಅವರನ್ನು ಕೋರ್ಟಿಗೆ ಎಳೆಯದಂತೆ ಅಧಿಕಾರಿಗಳು ಒಂದು ಆದೇಶ ಬರೆದುಕೊಡಲಿ. ಈಗ ಅವರು ಕೈಹಾಕದಿರುವುದು ಬಹಳ ಮಟ್ಟಿಗೆ ಆ ಹೆದರಿಕೆಗೇ.

ತಾಮ್ರದ ಜಾಲ ಮುಚ್ಚುವಾಗ ರಕ್ಷಣೆ ಬಿಚ್ಚುವ ಕೆಲಸ ಕೊನೆಯದಾಗಿರಲಿ. ಮೊದಲು ಹೊರಗಿನ ತಂತಿ ಇಳಿಯಲಿ, ಆಮೇಲೆ ಪ್ರೊಟೆಕ್ಟರು, ಎಕ್ಸ್‌ಚೇಂಜಿನ ಫ್ರೇಮಿನಲ್ಲಿ ಅದೇ ಕೆಲಸ ಮಾಡುವ ಅರೆಸ್ಟರು ಬಿಚ್ಚಿ. ಈಗ ಆಗುತ್ತಿರುವುದು ತಲೆಕೆಳಗು. ಒಳಗಿನದಕ್ಕೆ ಗುಜರಿಯಲ್ಲಿ ಬೆಲೆ ಇದೆ, ಅದು ಮೊದಲು ಹೋಗುತ್ತದೆ.

ಉಕ್ಕು ಇರುವ ಫೈಬರ್ ಕೇಬಲ್ಲನ್ನು ಕರೆಂಟಿನ ಕಂಬದ ಮೇಲೆ ಹಾಕುವುದನ್ನು ನಿಲ್ಲಿಸಿ. ಹಾಕಲೇಬೇಕಾದರೆ ಮನೆಗೆ ಮುಟ್ಟುವ ಮೊದಲೇ ಉಕ್ಕಿನ ತಂತಿಯನ್ನು ಕತ್ತರಿಸಿ ನಡುವೆ ಇನ್ಸುಲೇಟರ್ ಕೊಡಿ. ಗ್ರಿಲ್ಲಿಗೆ, ನೀರಿನ ಪೈಪಿಗೆ ಬಿಗಿಯಬೇಡಿ.

ಆಟೋ ರೀಕ್ಲೋಸರ್ ಬಗ್ಗೆ ಕರೆಂಟಿನ ಇಂಜಿನಿಯರುಗಳಿಗೆ ಒಂದು ಮಾತು. ಲೈನ್ ಟ್ರಿಪ್ ಆದರೆ ಅದು ಕೆಲವೇ ಸೆಕೆಂಡಿನಲ್ಲಿ ತಾನಾಗಿ ಮತ್ತೆ ಚಾರ್ಜ್ ಮಾಡಿ ನೋಡುತ್ತದೆ. ಕೊಂಬೆ ತಾಗಿ ಹೋಗಿದ್ದರೆ ಅದು ಒಳ್ಳೆಯದೇ. ತಂತಿ ಕಡಿದು ಟೆಲಿಫೋನ್ ಕೇಬಲ್ ಮೇಲೆ ಬಿದ್ದಿದ್ದರೆ ಪ್ರತಿ ಸಲವೂ ಅದು ಬೀದಿಯ ಎಲ್ಲ ಮನೆಗೂ ಹೊಸ ಏಟು. ತಮ್ಮ ಕೆಳಗೇ ಟೆಲಿಫೋನ್ ಕೇಬಲ್ ಓಡುವ ಕರೆಂಟಿನ ಲೈನುಗಳಲ್ಲಿ, ಅದರಲ್ಲೂ ನಮ್ಮವರು ಕಂಬದ ಮೇಲೆ ಕೆಲಸದಲ್ಲಿರುವ ಹೊತ್ತಿನಲ್ಲಿ, ಅದನ್ನು ಆಫ್ ಮಾಡುವ ಒಂದು ಕ್ರಮ ಇರಲಿ.

ವರ್ಷಕ್ಕೆ ಒಮ್ಮೆ ಜಂಟಿ ತಪಾಸಣೆ ಮಾಡಿ. ಬೇಸಿಗೆಯ ಮಧ್ಯಾಹ್ನ ಮಾಡಿ, ಬೆಳಗಿನ ತಂಪಿನಲ್ಲಿ ಬೇಡ. ಕರೆಂಟಿನವರ ಕಡೆಯಿಂದ ಒಬ್ಬರು, ಟೆಲಿಫೋನ್, ಕೇಬಲ್, ಫೈಬರಿನವರ ಕಡೆಯಿಂದ ಒಬ್ಬೊಬ್ಬರು. ಕಂಬದ ಹತ್ತಿರ ಅಳೆದರೆ ಸಾಲದು, ಎರಡು ಕಂಬದ ನಡುವೆ ಅಳೆಯಿರಿ. ಅಂತರ ಕಡಿಮೆ ಇದ್ದರೆ ಆ ಕಂಬಕ್ಕೆ ಆಮೇಲೆ ತಂತಿ ಹಾಕಿದವರು ಸರಿಪಡಿಸಲಿ. ಯಾರು ಆಮೇಲೆ ಬಂದರು ಅನ್ನುವುದು ಗೊತ್ತಾಗದಿದ್ದರೆ ಇಬ್ಬರೂ ಅರ್ಧರ್ಧ ಹಾಕಿಕೊಳ್ಳಿ. ಅದರ ಮೇಲೆ ಪತ್ರ ವ್ಯವಹಾರ ಬೇಡ.

ದೂರಿಗೆ ಒಂದೇ ನಂಬರ್ ಇರಲಿ. ನೇತಾಡುವ ತಂತಿ ಯಾರದ್ದು ಅಂತ ಜನ ಗುರುತಿಸಬೇಕಿಲ್ಲ. ಮೊದಲು ಕರೆಂಟಿನವರು ಬಂದು ಅದು ಲೈವ್ ಇದೆಯಾ ಅಂತ ನೋಡಲಿ, ಇದ್ದರೆ ಆಫ್ ಮಾಡಲಿ. ಯಾರದ್ದು ಅನ್ನುವ ಜಗಳ ಆಮೇಲೆ ಆಡಿಕೊಳ್ಳಬಹುದು.

ಓದುವ ಜನರಿಗೆ ಎರಡು ಮಾತು. ಕೆಳಗೆ ಬಿದ್ದ, ನೇತಾಡುವ ಯಾವ ತಂತಿಯನ್ನೂ, ಅದು ಟೆಲಿಫೋನಿನದ್ದೇ ಅಂತ ಖಂಡಿತ ಗೊತ್ತಿದ್ದರೂ, ಮುಟ್ಟಬೇಡಿ. ಕೋಲಿನಿಂದ ಸರಿಸಬೇಡಿ. ಕನಿಷ್ಠ 10 ಮೀಟರ್ ದೂರ ನಿಲ್ಲಿ, ಮಕ್ಕಳನ್ನೂ ದನಕರುಗಳನ್ನೂ ದೂರ ಇಡಿ. ಗಾಡಿಯ ಮೇಲೆ ಬಿದ್ದಿದ್ದರೆ, ಬೆಂಕಿ ಹತ್ತದ ಹೊರತು ಗಾಡಿಯೊಳಗೇ ಕೂತಿರಿ. ಮೊದಲ ಫೋನ್ ಕರೆಂಟಿನವರಿಗೆ ಮಾಡಿ, ಟೆಲಿಫೋನಿನವರಿಗೆ ಅಲ್ಲ. ಮನೆಯ ಗೋಡೆಯ ಮೇಲೆ ಹಳೇ ಪ್ರೊಟೆಕ್ಟರ್ ಡಬ್ಬಿ ಇದ್ದರೆ, ತಂತಿ ಇನ್ನೂ ಕಂಬಕ್ಕೆ ಸೇರಿಕೊಂಡಿದ್ದರೆ, ಡಬ್ಬಿಯನ್ನು ಕೀಳಿಸಬೇಡಿ. ತಂತಿ ಇಳಿಸಿ ಅಂತ ಕಂಪನಿಗೆ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ.

ಮಾನ್ಯರೇ, ಇದರಲ್ಲಿ ಯಾವುದು ನಿಮ್ಮ ಕೆಲಸವಲ್ಲ ಅನ್ನಿಸುತ್ತದೋ ಅದನ್ನು ಗುರುತು ಮಾಡಿ, ಅದು ಯಾರ ಕೆಲಸ ಅಂತ ಪಕ್ಕದಲ್ಲಿ ಬರೆದು, ಇದೇ ರೀತಿ ಬಹಿರಂಗವಾಗಿ ಉತ್ತರಿಸಿ. ಎಲ್ಲರೂ ಉತ್ತರ ಬರೆದ ಮೇಲೆ ಯಾರ ಹೆಸರೂ ಬೀಳದೆ ಉಳಿದ ಸಾಲುಗಳನ್ನು ಸುರಕ್ಷತಾ ಅಧಿಕಾರಿಗಳು ಒಬ್ಬರ ಹೆಸರಿಗೆ ಬರೆಯಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಟೆಲಿಫೋನ್ ಲೈನ್‌ಮನ್